ಕೆನ್ನೆಯ ಹುಣ್ಣು ಕುತ್ತಿಗೆಗೆ ಹೋಗುವುದು ಹೇಗೆ?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನವನು, ಗದಗದಲ್ಲಿ ಬಿ.ಎಸ್ಸಿ ಓದುತ್ತಿದ್ದೇನೆ. ನಮ್ಮ ತಂದೆಗೆ ಎಡಗೆನ್ನೆಯ ಒಳಗೆ ಹುಣ್ಣಾಗಿತ್ತು. ಹುಬ್ಬಳ್ಳಿಯಲ್ಲಿ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಬಂದಿದೆ. ಹುಣ್ಣು ಎರಡು ಸೆಂಟಿಮೀಟರ್‌ಗಿಂತ ಚಿಕ್ಕದು. ಕುತ್ತಿಗೆಯಲ್ಲಿ ಗಂಟು ಕೈಗೂ ಸಿಗುತ್ತಿಲ್ಲ, ಸ್ಕ್ಯಾನ್‌ನಲ್ಲೂ ಕಂಡಿಲ್ಲ. ಆದರೂ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ಕತ್ತರಿ ತಾಗಿದರೆ ಕ್ಯಾನ್ಸರ್ ಮೈತುಂಬ ಹರಡುತ್ತದೆ, ಬೇಡವೇ ಬೇಡ ಎಂದು ನಮ್ಮ ಕಾಕಾ ಹಟ ಹಿಡಿದಿದ್ದಾರೆ. ಮಾಂಸದ ಗಂಟೊಂದು ಕೆನ್ನೆಯಿಂದ ಕುತ್ತಿಗೆಗೆ ಹೋಗುವುದಾದರೂ ಹೇಗೆ? ಜೀವಕೋಶದೊಳಗೆ ಅಸ್ಥಿಪಂಜರವಿದೆ, ಕೋಶ ಚಲಿಸುವುದು ಅದರಿಂದಲೇ ಎಂದು ಪಾಠದಲ್ಲಿ ಓದಿದ್ದೇನೆ. ಅದನ್ನೇ ಮುರಿದು ಕ್ಯಾನ್ಸರನ್ನು ಇದ್ದಲ್ಲೇ ಕಟ್ಟಿಹಾಕುವ ಔಷಧ ಇಲ್ಲವೇ?

ಉತ್ತರ: ನಿಮ್ಮ ಮನೆಯಲ್ಲಿ ಈಗಲೇ ತೀರ್ಮಾನವಾಗಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಆಪರೇಷನ್‌ನ ದಿನಾಂಕವನ್ನು ಮುಂದೂಡಬೇಡಿ. ಕ್ಯಾನ್ಸರ್ ಹರಡಲು ಕತ್ತರಿ ಬೇಕಾಗಿಲ್ಲ. ಯಾರೂ ಮುಟ್ಟದಿದ್ದರೂ ಆ ಕೋಶಗಳು ತಮ್ಮೊಳಗಿನ ಪಂಜರದ ಬಲದಿಂದ ತಾವೇ ಮುಂದೆ ಸರಿಯುತ್ತವೆ. ನಿಮ್ಮ ತಂದೆಯವರ ಹುಣ್ಣಿನಲ್ಲಿ ಆ ಕೆಲಸ ಈಗಾಗಲೇ ಶುರುವಾಗಿದೆ. ಶುರುವಾಗಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದರಿಂದಲೇ ವರದಿಯಲ್ಲಿ ಕ್ಯಾನ್ಸರ್ ಎಂದು ಬರೆದಿದ್ದಾರೆ.

ನಾನು ಹುಬ್ಬಳ್ಳಿಯಲ್ಲಿ ಪ್ಯಾಥಾಲಜಿಸ್ಟ್. ರೋಗಿಯ ಮುಖಕ್ಕಿಂತ ರೋಗಿಯ ಕೋಶಗಳನ್ನೇ ಹೆಚ್ಚು ನೋಡುವ ಕೆಲಸ ನನ್ನದು. ಕೆನ್ನೆ, ವಸಡು, ನಾಲಿಗೆಯ ಚೂರುಗಳು ನಮ್ಮ ಮೇಜಿಗೆ ಬರುವಷ್ಟು ಬೇರೆ ಅಂಗದ ಚೂರುಗಳು ಬರುವುದು ಕಡಿಮೆ. ಧಾರವಾಡ, ಗದಗ, ಹಾವೇರಿ ಕಡೆಯ ಊರುಗಳಲ್ಲಿ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಹರಿದು, ಅಂಗೈಯಲ್ಲಿ ಬೆರೆಸಿ ಕೆನ್ನೆಯ ಸಂದಿಗೆ ಒತ್ತರಿಸಿಕೊಳ್ಳುವ ಗಂಡಸರನ್ನು ಯಾವ ಬಸ್ ನಿಲ್ದಾಣದಲ್ಲಾದರೂ ನೋಡಬಹುದು. ಆ ಮುದ್ದೆ ದಿನವಿಡೀ ಕೂತಿರುವ ಜಾಗದಲ್ಲೇ ಹುಣ್ಣು ಏಳುತ್ತದೆ.

ಆರೋಗ್ಯವಂತ ಕೆನ್ನೆಯ ಒಳಪದರವನ್ನು ಸ್ಲೈಡ್ ಮೇಲೆ ಇಟ್ಟು ನೋಡಿದರೆ ಕಣ್ಣಿಗೆ ಒಂದು ಶಿಸ್ತು ಕಾಣುತ್ತದೆ. ಕೋಶಗಳು ಸಾಲುಸಾಲಾಗಿ ಒಂದರ ಮೇಲೊಂದು ಕೂತಿವೆ. ತಳದ ಸಾಲು ಆಧಾರ ಪೊರೆ ಎಂಬ ತೆಳುವಾದ ಹಾಸಿನ ಮೇಲೆ ನಿಂತಿದೆ. ಅಕ್ಕಪಕ್ಕದ ಕೋಶಗಳು ಪರಸ್ಪರ ಬಿಗಿಯಾಗಿ ಅಂಟಿಕೊಂಡಿವೆ. ಈ ಅಂಟಿನ ಮುಖ್ಯ ಪ್ರೋಟೀನು ಇ-ಕ್ಯಾಡ್‌ಹೆರಿನ್. ಅದರ ಒಳತುದಿ ಕೋಶದ ಪಂಜರಕ್ಕೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಒಂದು ಕೋಶವನ್ನು ಎಳೆದರೆ ಆ ಎಳೆತ ಪಕ್ಕದ ಕೋಶಕ್ಕೂ ಮುಟ್ಟುತ್ತದೆ, ಇಡೀ ಪದರ ಒಂದಾಗಿ ತಡೆದುಕೊಳ್ಳುತ್ತದೆ. ಕ್ಯಾನ್ಸರ್ ಎಂದು ನಾವು ಸಹಿ ಹಾಕುವುದು ಕೋಶಗಳು ಆಧಾರ ಪೊರೆಯನ್ನು ದಾಟಿ ಕೆಳಗಿನ ಅಂಗಾಂಶಕ್ಕೆ ನುಗ್ಗಿದ್ದು ಕಂಡಾಗ. ಅಂದರೆ ಚಲನೆ ಈ ರೋಗದಲ್ಲಿ ಕೊನೆಯ ಹಂತದಲ್ಲಿ ಬಂದು ಸೇರುವ ತೊಡಕಲ್ಲ, ರೋಗದ ಲಕ್ಷಣವೇ ಅದು.

ಇನ್ನು ನೀವು ಪಾಠದಲ್ಲಿ ಓದಿದ ಅಸ್ಥಿಪಂಜರಕ್ಕೆ ಬರೋಣ. ಅದರಲ್ಲಿ ಮೂರು ಬಗೆಯ ಎಳೆಗಳಿವೆ. ಎಲ್ಲಕ್ಕಿಂತ ತೆಳುವಾದದ್ದು ಆಕ್ಟಿನ್, ಸುಮಾರು 7 ನ್ಯಾನೋಮೀಟರ್ ದಪ್ಪ. ತಲೆಗೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಡಿಮೆ ಅಷ್ಟು ಬಂದೀತು. ಅದಕ್ಕಿಂತ ತುಸು ದಪ್ಪನೆಯವು, 10 ನ್ಯಾನೋಮೀಟರ್‌ನ ಮಧ್ಯಮ ಎಳೆಗಳು. ಕೆನ್ನೆಯ ಕೋಶದಲ್ಲಿ ಇವು ಕೆರಾಟಿನ್ ಪ್ರೋಟೀನಿನವು. ಮೂರನೆಯದು 25 ನ್ಯಾನೋಮೀಟರ್ ದಪ್ಪದ ಟೊಳ್ಳು ಕೊಳವೆಗಳು, ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದಾದ ಸೂಕ್ಷ್ಮನಳಿಕೆಗಳು. ಕೋಶದೊಳಗೆ ಸಾಮಾನು ಸಾಗುವುದು ಈ ನಳಿಕೆಗಳ ಮೇಲೆ. ಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಹಂಚುವುದೂ ಇವೇ.

ಚಲನೆಯಲ್ಲಿ ದೊಡ್ಡ ಪಾಲು ಆಕ್ಟಿನ್‌ನದು. 1942ರಲ್ಲಿ ಹಂಗೆರಿಯ ಸೆಗೆಡ್‌ನಲ್ಲಿ ಸ್ಟ್ರೌಬ್ ಎಂಬ ವಿಜ್ಞಾನಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿದರು. ಮುಂದೆ ಇದು ಸ್ನಾಯುವಿನ ಸ್ವತ್ತಷ್ಟೇ ಅಲ್ಲ, ನಮ್ಮ ದೇಹದ ಎಲ್ಲ ಬಗೆಯ ಕೋಶಗಳಲ್ಲೂ ಇದೆ ಎಂದು ಗೊತ್ತಾಯಿತು. ಆಕ್ಟಿನ್ ಎಳೆ ಎಲುಬಿನಂತೆ ಒಮ್ಮೆ ಬೆಳೆದು ನಿಲ್ಲುವುದಿಲ್ಲ. ಸಣ್ಣ ಸಣ್ಣ ಆಕ್ಟಿನ್ ಕಣಗಳು ಎಳೆಯ ಒಂದು ತುದಿಗೆ ಬಂದು ಸೇರುತ್ತಿರುತ್ತವೆ, ಇನ್ನೊಂದು ತುದಿಯಿಂದ ಕಳಚುತ್ತಿರುತ್ತವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಗಾರರು ಹಟ್ಟಿ ಹಾಕುವುದನ್ನು ನೀವು ನೋಡಿಯೇ ಇರುತ್ತೀರಿ. ಹಿಂದಿನ ಗೂಟ ಕಿತ್ತು ಮುಂದೆ ನೆಡುತ್ತಾರೆ, ಬಲೆ ಅದೇ, ಗೂಟ ಅವೇ, ಹಟ್ಟಿ ಮಾತ್ರ ಹೊಲದ ಈ ಬದುವಿನಿಂದ ಆ ಬದುವಿಗೆ ಸರಿದಿರುತ್ತದೆ. ಕೋಶ ಮುಂದೆ ಹೋಗುವುದು ಹೆಚ್ಚುಕಡಿಮೆ ಹೀಗೆಯೇ. ಹಿಂದೆ ಕಳಚಿದ ಕಣವನ್ನು ಇನ್ನೊಂದು ಪ್ರೋಟೀನು ಮತ್ತೆ ಸಜ್ಜುಗೊಳಿಸಿ ಮುಂದಿನ ತುದಿಗೆ ಒದಗಿಸುತ್ತದೆ.

ಎಳೆ ಒಂದೇ ದಿಕ್ಕಿಗೆ ಉದ್ದವಾದರೆ ಸಾಲದು, ಕೋಶದ ಪೊರೆಯನ್ನು ಅಗಲಕ್ಕೆ ಒತ್ತಬೇಕು. ಆ ಕೆಲಸಕ್ಕೆ ಆರ್ಪ್ 2/3 ಎಂಬ ಪ್ರೋಟೀನ್ ಜೋಡಣೆ ಇದೆ. ಅದು ಇರುವ ಎಳೆಯ ಮಗ್ಗುಲಿಗೆ ಕೂತು ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಒಡೆಸುತ್ತದೆ. ಕವಲಿಗೆ ಮರಿಗವಲು ಬೆಳೆದು, ಕೋಶದ ಮುಂಚೂಣಿಯಲ್ಲಿ ದಟ್ಟವಾದ ಜಾಲ ಹಬ್ಬಿ, ಪೊರೆಯನ್ನು ಹಾಳೆಯಂತೆ ತೆಳುವಾಗಿ ಮುಂದೆ ಚಾಚಿಸುತ್ತದೆ. ಚಾಚಿದ ಭಾಗ ಇಂಟೆಗ್ರಿನ್ ಎಂಬ ಪ್ರೋಟೀನುಗಳ ಮೂಲಕ ಹೊರಗಿನ ಕೊಲಾಜೆನ್ ನಾರನ್ನು ಹಿಡಿಯುತ್ತದೆ. ಆಮೇಲೆ ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಎಳೆಗಳನ್ನು ಒಂದರ ಮೇಲೊಂದು ಜಗ್ಗಿ, ಕೋಶದ ಹಿಂಭಾಗವನ್ನು ಮುಂದಕ್ಕೆ ಸೆಳೆದುಕೊಳ್ಳುತ್ತದೆ. ನಿಮ್ಮ ತೋಳಿನ ಸ್ನಾಯು ಕುಗ್ಗುವುದೂ ಇವೆರಡರ ಜಗ್ಗಾಟದಿಂದಲೇ.

ಇದನ್ನೆಲ್ಲ ಯಾವಾಗ, ಎಲ್ಲಿ ಮಾಡಬೇಕು ಎಂದು ಹೇಳುವ ಸ್ವಿಚ್‌ಗಳೂ ಇವೆ. 1992ರಲ್ಲಿ ಲಂಡನ್ನಿನಲ್ಲಿ ಆ್ಯನ್ ರಿಡ್ಲಿ ಮತ್ತು ಆ್ಯಲನ್ ಹಾಲ್ ತೋರಿಸಿಕೊಟ್ಟ ಸಂಗತಿ ಇಂದಿಗೂ ಈ ಕ್ಷೇತ್ರದ ತಳಹದಿ. ರ್‍ಯಾಕ್ ಎಂಬ ಪ್ರೋಟೀನು ಚಾಲೂ ಆದರೆ ಕೋಶದ ಅಂಚು ಮುಂದೆ ಚಾಚುತ್ತದೆ. ರೋ ಎಂಬುದು ಚಾಲೂ ಆದರೆ ಒಳಗೆ ಬಿಗಿಯಾದ ಎಳೆಗಳ ಕಟ್ಟುಗಳು ಮೂಡಿ ಕೋಶ ಜಗ್ಗತೊಡಗುತ್ತದೆ. ಆರೋಗ್ಯವಂತ ಕೋಶಕ್ಕೂ ಈ ಸ್ವಿಚ್‌ಗಳು ಬೇಕು. ನಿಮ್ಮ ನಾಲಿಗೆ ಹಲ್ಲಿಗೆ ಸಿಕ್ಕಿ ಗಾಯವಾದರೆ ಕೆಲವೇ ದಿನಗಳಲ್ಲಿ ಮಾಯುತ್ತದಲ್ಲ, ಅಂಚಿನ ಕೋಶಗಳು ಸರಿದು ಬಂದು ಗಾಯವನ್ನು ಮುಚ್ಚುವುದು ಇದೇ ಯಂತ್ರದಿಂದ. ಆದರೆ ಎದುರಿನ ಅಂಚು ಸಿಕ್ಕ ಕೂಡಲೇ ಅವು ನಿಲ್ಲುತ್ತವೆ. ಕ್ಯಾನ್ಸರ್ ಕೋಶ ನಿಲ್ಲುವುದಿಲ್ಲ. ಅದು ಹೊಸದೇನನ್ನೂ ಕಂಡುಹಿಡಿದಿಲ್ಲ, ದೇಹದ ಹಳೆಯ ವಿದ್ಯೆಯನ್ನೇ ನಿಲುಗಡೆಯಿಲ್ಲದೆ ನಡೆಸುತ್ತಿದೆ. ಔಷಧದ ಪ್ರಶ್ನೆಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಪಠ್ಯಪುಸ್ತಕದ ಚಿತ್ರಗಳಲ್ಲಿ ಒಂಟಿ ಕೋಶವೊಂದು ಗೆಡ್ಡೆಯಿಂದ ಕಳಚಿಕೊಂಡು ಹೊರಡುವಂತೆ ಬರೆದಿರುತ್ತಾರೆ. ಬಾಯಿಯ ಕ್ಯಾನ್ಸರಿನ ಸ್ಲೈಡ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆ. ಅಲ್ಲಿ ಕೋಶಗಳು ಕೈಬಿಡದೆ ಗುಂಪಾಗಿ, ದಾರದಂತೆ, ದ್ವೀಪಗಳಂತೆ ಒಳನುಗ್ಗುತ್ತವೆ. ಮುಂದಿನ ಸಾಲಿನವು ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ಬಿಟ್ಟು ದಾರಿ ಬಿಡಿಸುತ್ತವೆ, ಹಿಂದಿನವು ಹಿಂಬಾಲಿಸುತ್ತವೆ. ಕೆಲವು ರೋಗಿಗಳಲ್ಲಿ ಈ ಗುಂಪು ಚಿಕ್ಕದಾಗುತ್ತಾ ಹೋಗಿ, ಅಂಚಿನಲ್ಲಿ ನಾಲ್ಕೈದು ಕೋಶಗಳ ತುಣುಕುಗಳೋ ಒಂಟಿ ಕೋಶಗಳೋ ಚದುರಿ ಕಾಣುತ್ತವೆ. ಇ-ಕ್ಯಾಡ್‌ಹೆರಿನ್ ಕಡಿಮೆಯಾಗಿ, ವೈಮೆಂಟಿನ್ ಎಂಬ ಬೇರೆ ಮಧ್ಯಮ ಎಳೆ ತಲೆಯೆತ್ತುವುದು ಇಂಥ ಕಡೆಗಳಲ್ಲಿ. ಅಂಥ ಸ್ಲೈಡ್ ನೋಡಿದಾಗ ನನಗೆ ಆತಂಕವಾಗುತ್ತದೆ. ಹುಣ್ಣು ಎಷ್ಟು ಅಗಲವಿದೆ ಎಂಬುದಕ್ಕಿಂತ ಅದರ ಅಂಚು ಹೇಗೆ ವರ್ತಿಸುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇಲ್ಲಿ ಅನೇಕರನ್ನು ಗೊಂದಲಕ್ಕೆ ಕೆಡವುವ ಒಂದು ಸಂಗತಿ ಇದೆ. ಕ್ಯಾನ್ಸರ್ ಗಂಟು ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ಆದರೆ ಅದರೊಳಗಿನ ಕೋಶಗಳು ಮೆತ್ತಗಿರುತ್ತವೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿಗಳ ಎದೆಗೂಡಿನ ನೀರಿನಿಂದ ತೆಗೆದ ಹರಡಿದ ಕ್ಯಾನ್ಸರ್ ಕೋಶಗಳು ಅದೇ ನೀರಿನಲ್ಲಿದ್ದ ಆರೋಗ್ಯವಂತ ಕೋಶಗಳಿಗಿಂತ ಶೇ. 70ಕ್ಕೂ ಹೆಚ್ಚು ಮೆದುವಾಗಿದ್ದವು. ಪಂಜರದ ಬಿಗಿ ಸಡಿಲವಾದ ಕೋಶ ಸಂದಿಯಲ್ಲಿ ನುಸುಳುವುದು ಸುಲಭ. ಹಾಗಾದರೆ ಗಂಟಿಗೆ ಗಟ್ಟಿತನ ಎಲ್ಲಿಂದ ಬರುತ್ತದೆ? ಕೋಶಗಳ ಸುತ್ತ ದಟ್ಟವಾಗಿ ಹೆಣೆದುಕೊಂಡ ಕೊಲಾಜೆನ್‌ನಿಂದ. ಆ ಬಿಗಿಯಾದ ನಾರನ್ನು ಹಿಡಿದ ಇಂಟೆಗ್ರಿನ್‌ಗಳು ಒಳಗಿನ ಆಕ್ಟಿನ್‌ಗೆ ಇನ್ನಷ್ಟು ಜಗ್ಗುವ ಸಂಕೇತ ಕೊಡುತ್ತವೆ. ಸುತ್ತಲಿನ ಗಟ್ಟಿತನವೇ ಕೋಶವನ್ನು ಚಲನೆಗೆ ಪ್ರಚೋದಿಸುತ್ತದೆ.

ನಮ್ಮ ಭಾಗದವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಅಡಿಕೆ ಅಗಿಯುವವರ ಕೆನ್ನೆಯ ಒಳಗೆ, ಕ್ಯಾನ್ಸರಿಗೆ ಬಹಳ ಮುಂಚೆಯೇ, ನಾರು ತುಂಬಿ ಕೆನ್ನೆ ಚರ್ಮದ ಪಟ್ಟಿಯಂತೆ ಬಿಗಿಯಾಗುವ ಕಾಯಿಲೆ ಬರುತ್ತದೆ. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ, ರೊಟ್ಟಿಯ ತುತ್ತು ಇಡುವುದೂ ಕಷ್ಟವಾಗುತ್ತದೆ. ಅದಕ್ಕೂ ಮೊದಲು ಖಾರ ತಡೆಯುವುದಿಲ್ಲ. ನಿಮ್ಮೂರ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರ ಖಾರ ತೀಕ್ಷ್ಣವಲ್ಲ. ಆ ಕಾಯಿಯ ಚಟ್ನಿಯೂ ಬಾಯಿ ಉರಿಸುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ತುಪ್ಪ ಹಾಕಿಕೊಟ್ಟು ಸುಮ್ಮನಾಗಬೇಡಿ, ದಂತ ವೈದ್ಯರಿಗೆ ತೋರಿಸಿ. ತಂಬಾಕಿಲ್ಲದ ಬರೀ ಅಡಿಕೆ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಮೆತ್ತಗಿನ ಕೋಶಕ್ಕೂ ನುಸುಳಲು ಒಂದು ಮಿತಿ ಇದೆ. ಒಳಗಿನ ಕೋಶಕೇಂದ್ರ ಉಳಿದ ಭಾಗಕ್ಕಿಂತ ಗಟ್ಟಿ. ನಾರಿನ ಸಂದಿ ತೀರಾ ಕಿರಿದಾದರೆ ಉಳಿದದ್ದೆಲ್ಲ ದಾಟಿದರೂ ಕೇಂದ್ರ ಸಿಕ್ಕಿಕೊಳ್ಳುತ್ತದೆ. ಆಕ್ಟಿನ್ ಮತ್ತು ಮಯೋಸಿನ್ ಅದನ್ನು ಹಿಂದಿನಿಂದ ಹಿಂಡಿ ತಳ್ಳುತ್ತವೆ. ಹೀಗೆ ಹಿಂಡಿದಾಗ ಕೇಂದ್ರದ ಪೊರೆ ಹರಿಯುತ್ತದೆ, ಡಿಎನ್‌ಎಗೆ ಪೆಟ್ಟಾಗುತ್ತದೆ, ಕೋಶ ಹರಿದದ್ದನ್ನು ರಿಪೇರಿ ಮಾಡಿಕೊಂಡು ಮುಂದೆ ಹೋಗುತ್ತದೆ ಎಂದು 2016ರಲ್ಲಿ ಎರಡು ತಂಡಗಳು ತೋರಿಸಿದವು. ಇಷ್ಟು ಕಷ್ಟಪಟ್ಟು ದಾಟಿದ ಕೋಶಕ್ಕೆ ದುಗ್ಧನಾಳ, ಅಂದರೆ ಅಂಗಾಂಶಗಳಲ್ಲಿ ಸೋರಿದ ನೀರನ್ನು (ದುಗ್ಧರಸವನ್ನು) ಗ್ರಂಥಿಗಳ ಮೂಲಕ ರಕ್ತಕ್ಕೆ ಮರಳಿಸುವ ನಾಳ, ಸಿಕ್ಕರೆ ಒಳಗೆ ಹೊಗುವುದು ಸಲೀಸು. ಅತಿ ಸಣ್ಣ ದುಗ್ಧನಾಳಗಳ ಗೋಡೆಯಲ್ಲಿ ಕೋಶಗಳ ಜೋಡಣೆ ಸಡಿಲ, ಹೊರಗೆ ಗಟ್ಟಿಯಾದ ಆಧಾರ ಪೊರೆಯೂ ಇಲ್ಲ. ಅಲ್ಲಿಂದ ಮುಂದೆ ದುಗ್ಧರಸದ ಹರಿವೇ ಕೋಶವನ್ನು ಒಯ್ಯುತ್ತದೆ. ಕೆನ್ನೆಯ ದುಗ್ಧರಸ ಇಳಿಯುವುದು ದವಡೆಯ ಕೆಳಗಿನ ಮತ್ತು ಕುತ್ತಿಗೆಯ ಮೇಲ್ಭಾಗದ ಗ್ರಂಥಿಗಳಿಗೆ. ಕೆನ್ನೆಯ ರೋಗ ಕುತ್ತಿಗೆಗೆ ಹೋಗುವ ದಾರಿ ಇದು.

ಈಗ ನಿಮ್ಮ ಕಾಕಾ ಅವರ ಮಾತು. ಅವರು ನಿಮ್ಮ ತಂದೆಯ ಮೇಲಿನ ಪ್ರೀತಿಯಿಂದ ಹೇಳುತ್ತಿದ್ದಾರೆ, ಊರಲ್ಲಿ ಕಂಡದ್ದನ್ನೇ ಹೇಳುತ್ತಿದ್ದಾರೆ. ಆಪರೇಷನ್ ಆಯಿತು, ಆರು ತಿಂಗಳಿಗೆ ಕುತ್ತಿಗೆಯಲ್ಲಿ ಗಂಟು ಬಂತು ಎಂಬ ಕಥೆ ಸುಳ್ಳಲ್ಲ. ಆದರೆ ಆ ಗಂಟಿನ ಮೊದಲ ಕೋಶಗಳು ಕತ್ತರಿ ಬರುವ ಮುಂಚೆಯೇ ಗ್ರಂಥಿಯಲ್ಲಿ ಕೂತಿದ್ದವು. ಅರ್ಧ ಮಿಲಿಮೀಟರ್‌ನ ಗುಂಪು ಬೆರಳಿಗೆ ಸಿಗುವುದಿಲ್ಲ, ಸ್ಕ್ಯಾನ್‌ಗೂ ಕಾಣುವುದಿಲ್ಲ. ಕೈಗೆ ಏನೂ ಸಿಗದ ಆರಂಭದ ಬಾಯಿ ಕ್ಯಾನ್ಸರಿನಲ್ಲೂ ನಾಲ್ಕರಲ್ಲಿ ಒಬ್ಬರಿಗೆ, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚಿನವರಿಗೆ, ತೆಗೆದ ಗ್ರಂಥಿಯಲ್ಲಿ ರೋಗ ಸಿಗುತ್ತದೆ. ಅದನ್ನು ಹುಡುಕುವ ಕೆಲಸ ನಮ್ಮದು. ಅನುಮಾನ ಬಂದರೆ ಕೆರಾಟಿನ್‌ಗೆ ಮಾತ್ರ ಅಂಟುವ ಬಣ್ಣ ಹಾಕುತ್ತೇವೆ. ಗ್ರಂಥಿಯ ಸ್ವಂತದ ಬಿಳಿ ರಕ್ತಕೋಶಗಳಲ್ಲಿ ಕೆರಾಟಿನ್ ಇರುವುದಿಲ್ಲ, ಕೆನ್ನೆಯಿಂದ ಬಂದ ಕೋಶ ಮಾತ್ರ ಕಂದು ಬಣ್ಣದಲ್ಲಿ ಎದ್ದು ತೋರುತ್ತದೆ. ಯಾವ ಪಂಜರದ ಬಲದಿಂದ ಅದು ತಪ್ಪಿಸಿಕೊಂಡು ಬಂತೋ ಆ ಪಂಜರದ ಒಂದು ಎಳೆಯೇ ಅದನ್ನು ಹಿಡಿದುಕೊಡುತ್ತದೆ. ಬಯಾಪ್ಸಿಯ ಚೂರಿನಿಂದಲೋ, ಕುತ್ತಿಗೆಯ ಗಂಟಿಗೆ ಹಾಕುವ ಸಣ್ಣ ಸೂಜಿಯಿಂದಲೋ ಬಾಯಿಯ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಆ ಭಯಕ್ಕೆ ಪರೀಕ್ಷೆಯನ್ನು ಬಿಟ್ಟವರು ಕಳೆದುಕೊಂಡದ್ದು ಬಹಳ ಹೆಚ್ಚು.

ನಿಮ್ಮ ಡಾಕ್ಟರ ಸಲಹೆಗೆ ನಮ್ಮ ದೇಶದ್ದೇ ಗಟ್ಟಿ ಆಧಾರವಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ನಿಮ್ಮ ತಂದೆಯವರಂಥ ರೋಗಿಗಳನ್ನೇ, ಅಂದರೆ ಹುಣ್ಣು ಚಿಕ್ಕದಿದ್ದು ಕುತ್ತಿಗೆಯಲ್ಲಿ ಗಂಟು ಸಿಗದವರನ್ನು, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಆಪರೇಷನ್‌ನಲ್ಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳ ನಂತರ ಮೊದಲ ಗುಂಪಿನಲ್ಲಿ ಶೇ. 80 ಮಂದಿ ಬದುಕಿದ್ದರು, ಎರಡನೆಯದರಲ್ಲಿ ಶೇ. 67.5. ಹುಣ್ಣಿನ ಆಳ ತೀರಾ ಕಡಿಮೆ ಇದ್ದವರಲ್ಲಿ ಲಾಭ ಅಷ್ಟು ಸ್ಪಷ್ಟವಿರಲಿಲ್ಲ, ಹಾಗಾಗಿ ಆಳ ಎಷ್ಟಿದೆ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಈ ಎರಡು ಅಂಕಿಗಳನ್ನು ಕಾಕಾ ಅವರಿಗೆ ತೋರಿಸಿ. ಸಾಧ್ಯವಾದರೆ ಮುಂದಿನ ಭೇಟಿಗೆ ಅವರನ್ನೂ ಜೊತೆಗೆ ಕರೆದೊಯ್ಯಿರಿ, ಡಾಕ್ಟರ ಬಾಯಿಂದಲೇ ಕೇಳಲಿ.

ಇನ್ನು ಪಂಜರವನ್ನು ಮುರಿಯುವ ಔಷಧ. ಒಂದು ಬಗೆಯದು ಇದೆ, ದಶಕಗಳಿಂದ ಬಳಕೆಯಲ್ಲಿದೆ. ನಮ್ಮ ಅಂಗಳದ ಸದಾಪುಷ್ಪ, ಕೆಲವರು ಕಾಶಿ ಕಣಗಿಲೆ ಎನ್ನುವ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಸೂಕ್ಷ್ಮನಳಿಕೆ ಕಟ್ಟದಂತೆ ತಡೆಯುತ್ತದೆ. ಅಮೆರಿಕದ ಯೂ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟಾಕ್ಸೆಲ್ ಇದಕ್ಕೆ ತದ್ವಿರುದ್ಧ, ನಳಿಕೆ ಕಳಚದಂತೆ ಹಿಡಿದಿಡುತ್ತದೆ ಎಂದು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. ಎರಡರಿಂದಲೂ ಕೋಶ ಒಡೆದು ಎರಡಾಗುವುದು ಕೆಡುತ್ತದೆ. ಆದರೆ ನರತಂತುಗಳ ಉದ್ದಕ್ಕೂ ಪೋಷಣೆ ಸಾಗುವುದು ಇದೇ ನಳಿಕೆಗಳ ಮೇಲೆ. ಈ ಕೀಮೊ ತೆಗೆದುಕೊಂಡವರಿಗೆ ಕೈಕಾಲು ಜೋಮು ಹಿಡಿದಂತಾಗುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು ಇದಕ್ಕೇ. ಸಸ್ಯದಿಂದ ಬಂದದ್ದೆಂದು ಸದಾಪುಷ್ಪದ ಎಲೆಯನ್ನು ಅರೆದು ಕುಡಿಸಬೇಡಿ. ಔಷಧದಲ್ಲಿ ಅದರ ಪ್ರಮಾಣ ಮಿಲಿಗ್ರಾಂ ಲೆಕ್ಕದ್ದು, ಎಲೆಯಲ್ಲಿರುವ ಪ್ರಮಾಣ ಯಾರ ಹಿಡಿತದಲ್ಲೂ ಇರುವುದಿಲ್ಲ.

ಆಕ್ಟಿನ್‌ನ ಕಥೆ ಬೇರೆ. ಅದನ್ನು ಮುರಿಯುವ ರಾಸಾಯನಿಕಗಳು ಪ್ರಯೋಗಾಲಯದಲ್ಲಿವೆ, ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ನಿಮಿಷಗಳಲ್ಲಿ ನಿಲ್ಲಿಸುತ್ತವೆ. ಆದರೆ ಹೃದಯದ ಬಡಿತ, ಬಿಳಿ ರಕ್ತಕೋಶಗಳ ಓಡಾಟ, ಗಾಯ ಮಾಯುವುದು ಎಲ್ಲವೂ ಆಕ್ಟಿನ್‌ನಿಂದಲೇ. ರೋಗದ ಕೋಶಕ್ಕೆಂದು ಬೇರೆ ಆಕ್ಟಿನ್ ಇಲ್ಲ. ಸುತ್ತು ದಾರಿಯಲ್ಲಿ ತಡೆಯಲು ಹೋದರೂ ಕೋಶ ಜಾಣ್ಮೆ ತೋರಿಸುತ್ತದೆ. ನಾರು ಕತ್ತರಿಸುವ ಕಿಣ್ವಗಳನ್ನು ತಡೆಯುವ ಔಷಧಗಳ ಮೇಲೆ 1990ರ ದಶಕದಲ್ಲಿ ದೊಡ್ಡ ಭರವಸೆ ಇತ್ತು, ರೋಗಿಗಳಲ್ಲಿ ಅವು ಸೋತವು. ಕಾರಣಗಳು ಹಲವು. ಅವುಗಳಲ್ಲಿ ಒಂದು 2003ರಲ್ಲಿ ತಿಳಿಯಿತು: ಕತ್ತರಿಸುವ ದಾರಿ ಮುಚ್ಚಿದರೆ ಕೋಶ ದುಂಡಗಾಗಿ, ರೋ ಸ್ವಿಚ್‌ನ ಬಲದಿಂದ ಮೈ ಹಿಂಡಿಕೊಂಡು, ಇರುವ ಸಂದಿಯಲ್ಲೇ ಅಮೀಬಾದಂತೆ ನುಸುಳುತ್ತದೆ. ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ರೋ ಸ್ವಿಚ್‌ನ ಕೆಳಗಿನ ಒಂದು ಕಿಣ್ವವನ್ನು ತಡೆಯುವ ಫ್ಯಾಸುಡಿಲ್ ಎಂಬ ಔಷಧ ಜಪಾನಿನಲ್ಲಿ 1995ರಿಂದ ಮಿದುಳಿನ ರಕ್ತನಾಳದ ತೊಂದರೆಗೆ ಬಳಕೆಯಲ್ಲಿದೆ. ಅಂದರೆ ಈ ಯಂತ್ರದ ಕೆಲವು ಭಾಗಗಳನ್ನು ಮನುಷ್ಯರಲ್ಲಿ ಪ್ರಾಣಾಪಾಯವಿಲ್ಲದೆ ಮುಟ್ಟಬಹುದು. ಕೋಶವನ್ನು ಕೊಲ್ಲದೆ ಅದರ ಚಲನೆಯನ್ನಷ್ಟೇ ತಡೆಯುವ ಔಷಧಗಳ ಹುಡುಕಾಟ ನಡೆದಿದೆ. ನಿಮ್ಮ ವಯಸ್ಸಿನವರು ಈ ವಿಷಯಕ್ಕೆ ಬರಬೇಕು ಎಂದು ನನಗೆ ತುಂಬ ಆಸೆ ಇದೆ. ಆದರೆ ಯಾವುದೋ ಕಷಾಯ ಕ್ಯಾನ್ಸರ್ ಹರಡುವುದನ್ನು ತಡೆಯಿತು ಎಂಬ ಸುದ್ದಿ ಮೊಬೈಲ್‌ಗೆ ಬಂದರೆ, ತಡೆದದ್ದು ತಟ್ಟೆಯಲ್ಲೋ ಮನುಷ್ಯನಲ್ಲೋ ಎಂದು ನೋಡಿ. ತಟ್ಟೆಯ ಕೋಶಗಳ ಮೇಲೆ ಗೀರು ಎಳೆದು, ಅದು ಮುಚ್ಚಲು ಎಷ್ಟು ಹೊತ್ತು ಬೇಕು ಎಂದು ನೋಡುವ ಪರೀಕ್ಷೆಯಲ್ಲಿ ಪಾಸಾದ ರಸಗಳು ಲೆಕ್ಕವಿಲ್ಲದಷ್ಟಿವೆ.

ಆಪರೇಷನ್ ಆದ ಮೇಲೆ ಬರುವ ವರದಿಯನ್ನು ನೀವೇ ಓದಿ, ನಿಮಗೆ ಅರ್ಥವಾಗುತ್ತದೆ. ಕೋಶಗಳು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿವೆ ಎಂದು ಬರೆದಿರುತ್ತಾರೆ. 5 ಮಿಲಿಮೀಟರ್ ದಾಟಿದರೆ ಹುಣ್ಣು ಚಿಕ್ಕದಿದ್ದರೂ ಹಂತ ಒಂದು ಮೆಟ್ಟಿಲು ಮೇಲೇರುತ್ತದೆ. ಅಂಚಿನ ಕೋಶಗಳು ಗುಂಪಾಗಿವೆಯೇ ಚದುರಿವೆಯೇ, ನರದ ಸುತ್ತ ಹರಿದಿವೆಯೇ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ, ಗ್ರಂಥಿಯಲ್ಲಿ ಸಿಕ್ಕಿದ್ದರೆ ಅದರ ಹೊದಿಕೆ ಒಡೆದು ಹೊರಗೆ ಬಂದಿದೆಯೇ ಎಂಬುದನ್ನು ನೋಡಿ. ಹೊದಿಕೆ ಒಡೆದಿದ್ದರೆ ಅಥವಾ ಅಂಚಿನಲ್ಲಿ ರೋಗ ಉಳಿದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನೂ ಕೊಡುತ್ತಾರೆ. ರೇಡಿಯೇಷನ್ ಬೇಕೆಂದರೆ ಆಪರೇಷನ್ ಆದ ಆರು ವಾರಗಳೊಳಗೆ ಶುರುವಾಗುವಂತೆ ನೋಡಿಕೊಳ್ಳಿ. ಗಾಯ ಪೂರ್ತಿ ಒಣಗಲಿ, ಹಬ್ಬ ಮುಗಿಯಲಿ ಎಂದು ಮನೆಯಲ್ಲೇ ಕೂರುವುದು ಬೇಡ. ಅದಕ್ಕೆ ಮುಂಚೆ ಹಲ್ಲುಗಳನ್ನು ಒಮ್ಮೆ ತೋರಿಸಿ, ಕೆಟ್ಟಿರುವುದನ್ನು ತೆಗೆಸಿ. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕಿತ್ತರೆ ಎಲುಬು ಮಾಯುವುದು ಕಷ್ಟ. ಕುತ್ತಿಗೆಯ ಆಪರೇಷನ್ ನಂತರ ತೋಳು ಮೇಲೆತ್ತಲು ಕೆಲವು ತಿಂಗಳು ತೊಂದರೆಯಾಗಬಹುದು, ಭುಜದ ವ್ಯಾಯಾಮವನ್ನು ಆಸ್ಪತ್ರೆಯಲ್ಲಿರುವಾಗಲೇ ಕಲಿತುಕೊಳ್ಳಲಿ. ಚೀಟಿ ಹರಿಯುವ ಅಭ್ಯಾಸ ಇಂದಿನಿಂದಲೇ ನಿಲ್ಲಲಿ, ತಂದೆಯವರದೂ, ಮನೆಯಲ್ಲಿ ಇನ್ನು ಯಾರಿಗಾದರೂ ಇದ್ದರೆ ಅವರದೂ.